ಚಿಕಿತ್ಸೆಯ ಚಂದಾ, ನವಿಲಿನ ಶಾಲು

ಸನ್ಮಾನದ ರೇಷ್ಮೆ ಶಾಲಿನ ಅಂಚಿನಲ್ಲಿ ನವಿಲಿರಬೇಕೋ ಹಂಸವಿರಬೇಕೋ ಎಂಬುದು ನಮ್ಮೂರಿನ ಇತಿಹಾಸದಲ್ಲೇ ಅತ್ಯಂತ ಗಹನವಾದ ಪ್ರಶ್ನೆ. ಅದರ ಇತ್ಯರ್ಥಕ್ಕೆ ಮಾಜಿ ಸೈನಿಕರ ನೆರವು ಸಮಿತಿ ಮೂರು ಸಭೆ ಸೇರಿತು. ನವಿಲು ಗೆದ್ದಿತು.

ಶಾಲು ಹೊದೆಯಬೇಕಾದವರು ಹವಾಲ್ದಾರ್ ದೊಡ್ಡಪಾಲಯ್ಯ. ಗಡಿಯಲ್ಲಿ ಎಡಪಾದ ಕಳೆದುಕೊಂಡವರು. ಹಳೆಯ ಕೃತಕ ಕಾಲು ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಆ ಹುಣ್ಣಿನ ಚಿಕಿತ್ಸೆಗೆ, ಹೊಸ ಕಾಲಿಗೆ ಎಂದೇ ಸಮಿತಿ ಗೌರಸಮುದ್ರದಿಂದ ಮೊಳಕಾಲ್ಮೂರಿನವರೆಗೆ ಚಂದಾ ಎತ್ತಿತ್ತು. ಕುರಿ ಮಾರಿದವರು ಕೊಟ್ಟರು, ಮಗ್ಗದ ಮನೆಯವರು ಕೊಟ್ಟರು. ಐವತ್ತೆರಡು ಸಾವಿರವಾಯಿತು.

ಅಧ್ಯಕ್ಷ ಜಂಪಣ್ಣ ಸಮಿತಿಯ ದುಡ್ಡಿನಲ್ಲಿ ಒಂದು ಚಹಾ ಕೂಡ ಕುಡಿದವರಲ್ಲ. ಕಳ್ಳರಾಗಿದ್ದರೆ ತಡೆಯುವುದು ಸುಲಭವಿತ್ತು.

ಮೂರನೆಯ ಸಭೆಗೆ ಆಶಾ ಕಾರ್ಯಕರ್ತೆ ಸ್ವಪ್ನ ಬಂದಳು.

“ಜಂಪಣ್ಣೋರೆ, ಶಾಮಿಯಾನ, ಬ್ಯಾನರ್, ಊಟ, ಶಾಲು. ಕಾಲಿಗೆ ಎಷ್ಟು ಉಳೀತೈತೆ?”

“ಉಳಿದಿದ್ದು ಅವರ ಕೈಗೇ ಕೊಡ್ತೀವಿ ತಾಯಿ. ಒಂದೂವರೆ ಸಾವಿರ.”

“ರಸೀದೀಲಿ ಏನಂತ ಬರ್ಸೀರಿ?”

“ಚಿಕಿತ್ಸೆಗೆ ಅಂತ. ಆದ್ರೆ ಇದೂ ಅವರ ಹೆಸರಿಗೇ ಖರ್ಚಾಗೋದಲ್ವಾ?”

“ಹೆಸರಿಗೆ ಹುಣ್ಣಾಗಿಲ್ಲರಿ, ಕಾಲಿಗೆ ಆಗೈತೆ. ರಸೀದಿ ಪುಸ್ತಕ, ಬಸ್ ಚಾರ್ಜು, ಅಷ್ಟು ಸರಿ. ಬೇರೆದಕ್ಕೆ ಬಳಸ್ಬೇಕು ಅಂದ್ರೆ ಕೊಟ್ಟೋರನ್ನ ಮೊದ್ಲು ಕೇಳ್ರಿ. ದೊಡ್ಡಪಾಲಯ್ಯನೋರನ್ನೂ ಕೇಳ್ರಿ, ಏನು ಬೇಕು ಅಂತ.”

“ಈಯಮ್ಮಂಗೆ ಸೈನಿಕರ ಮೇಲೆ ಗೌರವ ಇಲ್ಲ ಬಿಡ್ರಿ,” ಎಂದ ಸದಸ್ಯ ಚಂದ್ರಣ್ಣ. ಸಭೆ ಊಟದ ಪಟ್ಟಿಗೆ ಹೋಯಿತು.

ಸನ್ಮಾನದ ದಿನ ಗೌರವ ಧಾರಾಳವಾಗಿತ್ತು. ಭಾಷಣಗಳು ಒಂದೂವರೆ ಗಂಟೆ ನಡೆದವು. ಅಷ್ಟು ಹೊತ್ತೂ ದೊಡ್ಡಪಾಲಯ್ಯ ನಿಂತೇ ಇದ್ದರು.

“ಕುಂದ್ರಿ,” ಎಂದು ಹೆಂಡತಿ ಲಕ್ಷ್ಮಕ್ಕ ಹಿಂದಿನಿಂದ ಪಿಸುಗುಟ್ಟಿದಳು.

“ಸುಮ್ನಿರೇ. ರೇಷ್ಮೆ ಹೊದಿಸ್ಯಾರೆ, ಕುಂತ್ರೆ ಚೆನ್ನಾಗಿರಲ್ಲ.”

ಮನೆಗೆ ಬಂದು ಕೃತಕ ಕಾಲು ಬಿಚ್ಚಿದಾಗ ಕಾಲುಚೀಲ ಹುಣ್ಣಿಗೆ ಅಂಟಿಕೊಂಡಿತ್ತು.

ಹನ್ನೆರಡನೆಯ ದಿನಕ್ಕೆ ಜ್ವರ ಏರಿತು. ಕೀವು ಮೂಳೆಗೆ ಇಳಿದಿದೆ ಎಂದರು ಆಸ್ಪತ್ರೆಯವರು. ತಿಂಗಳ ಹಿಂದೆ ಬಂದಿದ್ದರೆ ಹುಣ್ಣು ಮಾತ್ರ ನೋಡಬಹುದಿತ್ತು ಎಂದೂ ಹೇಳಿದರು. ನೋಡಲು ಬಂದ ಜಂಪಣ್ಣನ ಮುಂದೆ ಲಕ್ಷ್ಮಕ್ಕ ಶಾಲಿನ ಗಂಟು ಇಟ್ಟಳು.

“ಇದನ್ನ ಮಾರಿಸ್ಕೊಡಪ್ಪ. ಔಷಧಿ ತರ್ಬೇಕು.”

ಜಂಪಣ್ಣ ಗಂಟನ್ನು ಮುಟ್ಟಲಿಲ್ಲ. “ಯಾರೂ ತಗೊಳ್ಳಲ್ಲ ಲಕ್ಷ್ಮಕ್ಕ. ಅಂಚಿಗೆ ಅವರ ಹೆಸರು ನೇಯ್ಸಿಬಿಟ್ಟೀವಿ.”

ಮರುದಿನ ಜಂಪಣ್ಣ ಸ್ವಪ್ನಳ ಮನೆ ಬಾಗಿಲಿಗೆ ಹೋದರು. “ಕೊಟ್ಟೋರ ಮನೆಗೆಲ್ಲಾ ಹೋಗಿ ತಪ್ಪು ಒಪ್ಕೊಳ್ತೀನಿ. ಜತೆಗೆ ಬರ್ತೀಯಾ ತಾಯಿ?” ಇಬ್ಬರೂ ಹೋದರು. ಚಂದ್ರಣ್ಣನೂ ಹಿಂದೆ ಬಂದ, ತಲೆ ತಗ್ಗಿಸಿಕೊಂಡು. ಚಂದಾ ಕೊಟ್ಟವರು ಯಾರೂ ಬೈಯಲಿಲ್ಲ. ಸನ್ಮಾನದ ಊಟ ತಾವೂ ಉಂಡಿದ್ದರಲ್ಲ.

ಓದಿದವರೇ, ಸೈನಿಕರ ಹೆಸರಿನಲ್ಲಿ ನಿಮ್ಮ ಬಾಗಿಲಿಗೂ ರಸೀದಿ ಬರುತ್ತದೆ. ಖಂಡಿತ ಕೊಡಿ. ಕೊಡುವ ಮೊದಲು ಯಾವುದಕ್ಕೆ ಎಂದು ಓದಿ. ಕೊಟ್ಟ ಮೇಲೆ ಅದಕ್ಕೇ ಹೋಯಿತೇ ಎಂದು ಕೇಳಿ. ಕೇಳಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ದೊಡ್ಡಪಾಲಯ್ಯನವರ ಎಡಗಾಲು ಈಗ ಮೊಣಕಾಲಿನ ಮೇಲೆಯೇ ಮುಗಿಯುತ್ತದೆ. ಶಾಲು ಪೆಟ್ಟಿಗೆಯಲ್ಲಿದೆ.