ಕಾಲ್ಗೆಜ್ಜೆಯಿಂದ ಮೇಲಕ್ಕೆ

“ರೆಪ್ಪಿ ಬಡದಿ ಅಂದ್ರ ಸೋತಂಗ, ನೋಡು!” ಎಂದು ಸುಂಕಮ್ಮ ಟೀಚರು ಪಕ್ಕೀರಮ್ಮನ ಎರಡೂ ಭುಜ ಹಿಡಿದು ನಾಗಲಿಂಗಮ್ಮನ ಎದುರಿಗೆ ನಿಲ್ಲಿಸಿದಳು.

ಒಂಬತ್ತನೇ ಕ್ಲಾಸು ಬೆಂಚು ಹತ್ತಿ ನಿಂತಿತ್ತು. ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಪದಗಳು. ಲುಕ್ ಎಂದರೆ ಬರೀ ನೋಡುವುದು. ಗ್ಲಾನ್ಸ್ ಎಂದರೆ ಹರಪನಹಳ್ಳಿ ಬಸ್ಸು ಬಂತೇನೋ ಎಂದು ಕಿಟಕಿಯತ್ತ ಕಣ್ಣು ಹಾಯಿಸುವುದು. ಸ್ಟೇರ್ ಎಂದರೆ ಕಣ್ಣು ಕೀಳದೆ ದಿಟ್ಟಿಸುವುದು. ಸಿಟ್ಟಿಗೂ ದಿಟ್ಟಿಸಬಹುದು, ಬೆರಗಿಗೂ. ಅರ್ಥ ಬರೆದುಕೊಂಡರೆ ಸಾಲದು, ಮಾಡಿಯೇ ತಿಳಿಯಬೇಕು ಎಂಬುದು ಸುಂಕಮ್ಮನ ಪಾಠದ ರೀತಿ.

ಪಕ್ಕೀರಮ್ಮ ದಿಟ್ಟಿಸಿದಳು. ಕಣ್ಣಲ್ಲಿ ನೀರಾಡಿದರೂ ರೆಪ್ಪೆ ಬಡಿಯಲಿಲ್ಲ.

“ಅಕ್ಕೋರ, ಈಕಿ ನನ್ನ ಕಾಲ್ಗೆಜ್ಜಿ ನೋಡಾಕತ್ಯಾಳ!” ಎಂದು ನಾಗಲಿಂಗಮ್ಮ ಕಿಸಕ್ಕೆಂದಳು.

ಕ್ಲಾಸು ಘೊಳ್ಳೆಂದಿತು. “ಕಾಲು ಮುಚ್ಕೊಳ್ಳೇ, ಬಿಚ್ಕೊಂಡು ಹೋದಾಳು!” ಎಂದಿತು ಹಿಂದಿನ ಬೆಂಚು.

“ಕಣ್ಣು ಕೀಳಬ್ಯಾಡ ಅಂದ್ರಲ್ರಿ ಅಕ್ಕೋರ, ನಾ ಎಲ್ಲಿ ಕಿತ್ತೀನ್ರಿ?” ಎಂದಳು ಪಕ್ಕೀರಮ್ಮ, ಈಗಲೂ ಗೆಜ್ಜೆಯಿಂದ ನೋಟ ತೆಗೆಯದೆ.

ಸುಂಕಮ್ಮ ನಗಲಿಲ್ಲ. ನಾಗಲಿಂಗಮ್ಮನ ಮನೆಯವರ ಎದುರು ನಿಂತಾಗ ಪಕ್ಕೀರಮ್ಮನ ಕೇರಿಯವರ ನೋಟ ಮೊಣಕಾಲಿಗಿಂತ ಮೇಲೆ ಏರುತ್ತಿರಲಿಲ್ಲ. ಯಾರೂ ಕೂಡಿಸಿಕೊಂಡು ಕಲಿಸಿದ್ದಲ್ಲ ಅದು. ಸುಂಕಮ್ಮನೂ ಅಂಥದೇ ಕೇರಿಯಿಂದ ಬಂದು, ೧೯೭೯ರಲ್ಲಿ ಬಿ.ಎಡ್. ಮುಗಿಸಿದವಳು. ಅಲ್ಲಿಯವರೆಗೆ ತನ್ನೂರಿನ ದೊಡ್ಡವರ ಮುಖಗಳಿಗಿಂತ ಚಪ್ಪಲಿಗಳೇ ಅವಳಿಗೆ ಹೆಚ್ಚು ಪರಿಚಯ.

ಹುಡುಗಿಯ ಗದ್ದ ಹಿಡಿದು ಮೇಲೆತ್ತಿದಳು. “ಇಲ್ಲಿ. ಕಣ್ಣಾಗ ಕಣ್ಣಿಡು.”

ಈ ಸಲ ನೋಟ ನಡುಗಿತು, ಜಾರಿತು, ಮತ್ತೆ ಏರಿ ನಿಂತಿತು. ನಾಗಲಿಂಗಮ್ಮನಿಗೂ ಹಟ. ಕೊನೆಗೆ ನಾಗಲಿಂಗಮ್ಮನೇ ರೆಪ್ಪೆ ಬಡಿದು, “ಥೂ ಇಕಿ, ಗೂಗಿ ಇದ್ದಂಗ ಅದಾಳ!” ಎಂದು ನಕ್ಕು ಅವಳ ತೋಳು ಚಿವುಟಿದಳು. ಪಕ್ಕೀರಮ್ಮ ತಲೆ ತಗ್ಗಿಸದೆ ಬೆಂಚಿಗೆ ನಡೆದಳು. ಡಿಗ್ರಿ ಕೈಗೆ ಬಂದ ದಿನವೂ ಸುಂಕಮ್ಮನ ಎದೆ ಹೀಗೆ ಉಬ್ಬಿರಲಿಲ್ಲ.

ವರಾಂಡದಲ್ಲಿ ನಾಗಲಿಂಗಮ್ಮನ ಅಜ್ಜ, ಶಾಲಾ ಕಮಿಟಿಯ ಅಧ್ಯಕ್ಷ ಗುರುಸಂಗಪ್ಪ ನಿಂತಿದ್ದರು. ಸುಂಕಮ್ಮನ ನೌಕರಿ ಕಾಯಂ ಮಾಡುವ ಮೀಟಿಂಗಿಗೆ ಬಂದವರು ಎಲ್ಲವನ್ನೂ ನೋಡಿದ್ದರು. ಅವಳನ್ನು ಆಫೀಸು ಕೋಣೆಗೆ ಕರೆಸಿದರು.

“ಕುಂದ್ರಮ್ಮ, ಚಾ ಕುಡಿ. ಪಾಠ ಛಲೋ ಮಾಡ್ತಿ. ನಮ್ಮ ಹುಡುಗಿ ಬಾಯಾಗ ಮನ್ಯಾಗೂ ನಿಂದಾ ಮಾತು.”

“ಸಂತೋಷರಿ.”

“ಆದ್ರ ಈ ದಿಟ್ಟಿಸೋ ಆಟಕ್ಕ ಊರಾಗ ನಾಕು ಮಂದಿ ನನ್ನ ಕೇಳ್ತಾರ. ಬಿಡು ಅನ್ನಂಗಿಲ್ಲ ನಾನು. ಕೇರಿ ಹುಡುಗ್ಯಾರಿಗೆ ಕೇರಿಯವರ್ನಾ ಜೋಡಿ ಹಾಕು. ಪದನೂ ಅದಾ, ಅರ್ಥನೂ ಅದಾ. ಯಾರಿಗೇನು ಲುಕ್ಸಾನು?”

“ಪಕ್ಕೀರಮ್ಮಗ ಐತ್ರಿ.”

ಗುರುಸಂಗಪ್ಪ ನಕ್ಕರು. “ಸಣ್ಣ ಹುಡುಗಿ, ನಾಳಿಗೆ ಮರೀತಾಳ. ನೀ ಹೂಂ ಅನ್ನು, ಸಂಜೀಗೆ ಕಾಯಂ ಆರ್ಡರಿಗೆ ನಾನಾ ಮೊದಲು ಸೈ ಹಾಕ್ತೀನಿ. ಇಲ್ಲಾಂದ್ರ ಜೂನಿಗೆ ಕಮಿಟಿಯವರು ಬ್ಯಾರೆಯವರ್ನ ತಗೋತಾರ. ನಿಮ್ಮ ಮನ್ಯಾಗ ಪಗಾರ ತರಾಕಿ ನೀ ಒಬ್ಬಾಕಿ. ಏನಂತಿ?”

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಗೋಡೆಯಾಚೆ ಒಂಬತ್ತನೇ ಕ್ಲಾಸು ಟೀಚರಿಲ್ಲದೆಯೂ ಆಟ ಮುಂದುವರಿಸಿತ್ತು. ಯಾರೋ ಸೋತು, ಯಾರೋ ಕೇಕೆ ಹಾಕಿದರು.

“ಹಂಗ ಜೋಡಿ ಹಾಕಂಗಿಲ್ಲರಿ,” ಎಂದಳು ಸುಂಕಮ್ಮ.