ಮೊದಲು ಬಾಯಿ ಬಿಟ್ಟವಳು

ಯೂಟಾ ಮತ್ತು ಹೈಲ್ವಿಗ್ ಕನ್ಯಾಮಠದಲ್ಲಿ ಒಟ್ಟಿಗೆ ಉಣ್ಣೆ ಬಾಚುವವರು. ಆ ಸಲಿಗೆಯಲ್ಲೇ ಯೂಟಾ ಒಂದು ದಿನ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಆಡಿಬಿಟ್ಟಿದ್ದಳು.

"ಅಕ್ಕಾ, ಕಣ್ಣು, ಕಿವಿ, ಮೈ ಏನೂ ಇಲ್ಲ ಅಂತಿಟ್ಕೋ. ಆಗ್ಲೂ ನಾನಿದೀನಿ ಅಂತ ನಂಗೆ ಗೊತ್ತಿರುತ್ತೆ. ಯಾವ ಗುರುಗಳೂ ಬಂದು ಹೇಳ್ಕೊಡಬೇಕಾಗಿಲ್ಲ."

"ಮೆತ್ತಗೆ ಮಾತಾಡೇ. ನೀನಿರೋದು ನಿಂಗೆ ಗೊತ್ತಾದ್ರೆ ಸಾಲ್ದಾ, ಊರಿಗೆಲ್ಲ ಸಾರ್ಬೇಕಾ?"

ಈಗ ಮಾಸ್ ನದಿ ದಾಟಿ ತಪಾಸಣೆಯ ಗುರುಗಳು ಬಂದಿದ್ದರು. ಗುರುಗಳೇ ಬೇಡವೆನ್ನುವ ಸನ್ಯಾಸಿನಿಯೊಬ್ಬಳು ಇಲ್ಲಿದ್ದಾಳೆಂದು ಅವರ ಕಿವಿಗೆ ಬಿದ್ದಿತ್ತಂತೆ. ಅಂಥವಳನ್ನು ಮಠದಿಂದ ಹೊರಗಟ್ಟುವುದು ಖಂಡಿತ. ಯೂಟಾ ತಿಳಿದ ಮಟ್ಟಿಗೆ ಆ ದಿನದ ಮಾತು ಕೇಳಿದ್ದವಳು ಹೈಲ್ವಿಗ್ ಒಬ್ಬಳೇ. ಅದೂ ಸಾಲದೆಂಬಂತೆ, ಬೆಳಿಗ್ಗೆ ಅವಳು ಮಠ ನಡೆಸುವ ಅಮ್ಮನ ಬಾಗಿಲಲ್ಲಿ ಪಿಸುಗುಟ್ಟುತ್ತಿದ್ದಳು. ಯೂಟಾಳನ್ನು ಕಂಡದ್ದೇ ಇಬ್ಬರೂ ಗಪ್ಪಾದರು.

ಅಂದೇ ಗುರುಗಳ ಎದುರಿಗೆ ತಪ್ಪೊಪ್ಪಿನ ಸಭೆ ಸೇರಿತು. ಅದರ ನಿಯಮ ಎಲ್ಲರಿಗೂ ಗೊತ್ತಿತ್ತು. ಒಬ್ಬಳ ತಪ್ಪನ್ನು ಇನ್ನೊಬ್ಬಳು ಎತ್ತಿ ಹೇಳಬಹುದು. ಹೇಳಿಸಿಕೊಂಡವಳು ಬೋರಲು ಮಲಗಬೇಕು, ಮರುದಿನದ ಗಂಟೆಯವರೆಗೆ ತುಟಿ ಬಿಚ್ಚುವ ಹಾಗಿಲ್ಲ. ಗುರುಗಳೋ ಮಧ್ಯಾಹ್ನದ ದೋಣಿಗೇ ಹೊರಡುವವರು. ಯೂಟಾ ತಡಮಾಡಲಿಲ್ಲ, ಎದ್ದು ನಿಂತಳು.

"ಹೈಲ್ವಿಗಕ್ಕ ಮೌನದ ಹೊತ್ತಲ್ಲಿ ಮಾತಾಡಿದ್ರು. ನಾನೇ ಕಣ್ಣಾರೆ ನೋಡ್ದೆ."

ಹೈಲ್ವಿಗ್ ಒಮ್ಮೆ ಅವಳತ್ತ ನೋಡಿ ನೆಲಕ್ಕೆ ಮುಖವಿಟ್ಟು ಮಲಗಿದಳು. ಹಿಂದಿನಿಂದ ಅಡುಗೆಯ ಗೇಲಾ, "ಗೆಳತಿ ಅಂದ್ರೆ ನೀನೇ ಬಿಡಮ್ಮ," ಎಂದು ಗೊಣಗಿದಳು.

ಗುರುಗಳು ಕೆಮ್ಮಿದರು. "ಯೂಟಾ ಅನ್ನೋಳು ನೀನೇನಾ? ನಿನ್ ವಿಷಯಾನೇ ಕೇಳ್ಬೇಕಿತ್ತು. ಅಮ್ಮಾ, ಇವಳ ಪರವಾಗಿ ಮಾತಾಡೋಕೆ ಯಾರೋ ಬರ್ತಾರೆ ಅಂದ್ರಲ್ಲ?"

ಯೂಟಾಳ ಹೆಸರು ಆಗಲೇ ಅವರ ಬಳಿ ಇತ್ತು.

"ಹೈಲ್ವಿಗ್ ಬೆಳಿಗ್ಗೆ ಬಂದು ಮಾತಾಡ್ತೀನಿ ಅಂತ ಒಪ್ಕೊಂಡು ಹೋಗಿದ್ಲು ಗುರುಗಳೇ," ಎಂದರು ಅಮ್ಮ. ಅವರ ಕಣ್ಣು ನೆಲದ ಮೇಲಿತ್ತು. "ಈಗ ಅವಳು ಬಾಯಿ ಬಿಡೋ ಹಾಗಿಲ್ಲ."

"ನಿಯಮ ಮುರಿಯೋಕೆ ನಾನು ಬಂದಿಲ್ಲ. ಬೇರೆ ಯಾರಾದ್ರೂ ಇದೀರಾ?"

ಯಾರೂ ಕದಲಲಿಲ್ಲ. ಗುರುಗಳು ಎದ್ದರು. "ಹಾಗಾದ್ರೆ ಇವಳೂ ನನ್ ದೋಣೀಲೇ ಹೊರಡ್ಲಿ."

ಹೈಲ್ವಿಗ್‌ಳ ಬೆನ್ನು ಅದುರುತ್ತಿತ್ತು. ಅಳುತ್ತಿದ್ದಳೋ, ನಗುತ್ತಿದ್ದಳೋ, ಯೂಟಾಳಿಗೆ ಮುಖ ಕಾಣುತ್ತಿರಲಿಲ್ಲ. ಅಮ್ಮ ಹೇಳಿದ್ದು ನಿಜವೇ? ನಿಜವಾದರೆ ತನ್ನ ಹೆಸರು ಕೊಟ್ಟವರು ಯಾರು? ಗೇಲಾ ನೆಲ ನೋಡುತ್ತಿದ್ದಳು. ಪಕ್ಕದವಳೂ ನೆಲ ನೋಡುತ್ತಿದ್ದಳು. ಬಾಗಿಲಿನವರೆಗೂ ಯೂಟಾ ಒಂದೊಂದು ಮುಖವನ್ನೂ ಹುಡುಕುತ್ತ ನಡೆದಳು.