ಕಾರ್ಡಿನಲ್‌ನ ನಿಲುವಂಗಿ

ನಾಟಕ ಬರೆದುಕೊಟ್ಟವನಿಗೆ ಆರು ಪೌಂಡು, ಅದರ ಖಳನ ನಿಲುವಂಗಿಗೆ ಎಂಟು. ಹೊಸದಾಗಿ ಹೊಲಿಸಿದ್ದರೆ ಇಪ್ಪತ್ತಕ್ಕೂ ಆಗುತ್ತಿರಲಿಲ್ಲ ಎಂದು ತಂಡದ ಯಜಮಾನ ಬಾರ್ನಬಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಮೇರಿ ರಾಣಿ ಸತ್ತು ಪೋಪನ ಧರ್ಮಕ್ಕೆ ಲಂಡನ್ನಿನಲ್ಲಿ ಜಾಗವಿಲ್ಲವಾದಾಗ ಚರ್ಚಿನಿಂದ ಹೊರಬಿದ್ದ ಮಾಲು ಅದು. ಪಾದ್ರಿ ಪೂಜೆಗೆ ತೊಡುತ್ತಿದ್ದ ಆ ಕೆಂಪು ವೆಲ್ವೆಟ್ ಈಗ, ರಂಗದ ಮೇಲೆ ರಾಜಕುಮಾರನಿಗೆ ವಿಷ ಹಾಕುವ ಪೋಪನ ಬಲಗೈಯಾದ ರೋಮಿನ ಕಾರ್ಡಿನಲ್‌ನ ಪಾತ್ರ ಮಾಡುವ ಗಿಲ್ಬರ್ಟನ ಹೆಗಲೇರಲಿತ್ತು.

ತಂಡದ ಬಟ್ಟೆ ಹೊಲಿಯುವ ಸಿಸ್ಲಿ ಅದನ್ನು ಮಡಿಲಿಗೆ ಹಾಕಿಕೊಂಡಳು. ಎದೆಯ ಅಂಚಿನಲ್ಲಿ ಬಂಗಾರದ ಎಳೆಯಲ್ಲಿ ಕಸೂತಿ ಮಾಡಿದ ಮೇರಿಮಾತೆ. ಎಡಪಾದದ ಬಳಿ ಮಾತ್ರ ಬಂಗಾರ ಸಾಲದೆ ಹಳದಿ ರೇಷ್ಮೆ ಸೇರಿತ್ತು. ಆ ರೇಷ್ಮೆಯನ್ನು ಸೂಜಿಗೆ ಪೋಣಿಸಿ, ಅಂದು ಇದನ್ನು ಹೊಲಿಯುತ್ತಿದ್ದ ಅವ್ವನ ಕೈಗೆ ಕೊಟ್ಟವಳು ಪುಟ್ಟ ಹುಡುಗಿಯಾಗಿದ್ದ ಸಿಸ್ಲಿಯೇ. ಈಗ ಹಳೆಯ ಮಂತ್ರಕ್ಕೆ ತುಟಿ ಅಲ್ಲಾಡದಂತೆ ಹಲ್ಲು ಕಚ್ಚಿಕೊಂಡಳು. ಭಾನುವಾರ ಎಲ್ಲರಂತೆ, ಪೋಪನನ್ನು ಬಿಟ್ಟ ಹೊಸ ಚರ್ಚಿನ ಪ್ರಾರ್ಥನೆಗೆ ಹೋಗುತ್ತಿದ್ದಳು. ಹಳೆಯ ಧರ್ಮ ಅವಳ ಹೊಟ್ಟೆಯೊಳಗೇ ಇತ್ತು. ಅದು ಗೊತ್ತಿದ್ದವಳು ಪಕ್ಕದ ಮನೆಯ ಆನ್‌ಸ್ಟಿಸ್ ಒಬ್ಬಳೇ. ಮೋಂಬತ್ತಿ ಮಾರುವ ಆ ಮುದುಕಿ ಮಾತ್ರ ಹೊಸ್ತಿಲಲ್ಲೇ ಕೂತು ಹಳೆಯ ಮಂತ್ರ ಗುನುಗುವ ಮೊಂಡಿ.

"ರಕ್ತದ ಚೀಲ ಎದೇಲೇ ಕಟ್ಟು ಸಿಸ್ಲಿಯಮ್ಮ," ಎಂದ ಬಾರ್ನಬಿ. "ಚೂರಿ ಆ ಗೊಂಬೇಗೇ ಇಳೀಬೇಕು. ಅವಳ ಮುಖದ ಮೇಲೆ ರಕ್ತ ಹರಿದ್ರೆ ಜನ ಹುಚ್ಚೆದ್ದು ಕೂಗ್ತಾರೆ."

"ವೆಲ್ವೆಟ್ಟಿಗೆ ಕುರಿರಕ್ತ ಬಿದ್ರೆ ಹೋಗಲ್ಲ, ಯಜಮಾನ್ರೇ."

"ಹೋಗ್ದಿದ್ರೆ ಇರ್ಲಿ. ಪೋಪನ ಬಟ್ಟೆ ಮೇಲೆ ಏನಿಷ್ಟು ಕನಿಕರ? ನೀನೂ ಆ ಕಡೆಯವಳೇನು?"

ಗಿಲ್ಬರ್ಟ್ ನಕ್ಕ. "ಅವಳು ಮಾಡಿದ ಸಾರು ಕುಡಿದು ನಾವ್ಯಾರೂ ಸತ್ತಿಲ್ವಲ್ಲ, ಬಿಡಿ."

ಸಿಸ್ಲಿಯೂ ನಕ್ಕಳು. ದನಿ ಸಂತೆಯಲ್ಲಿ ಚೌಕಾಸಿ ಮಾಡುವವಳದು.

"ಕೆಂಪು ಬಟ್ಟೆ ಮೇಲೆ ಕೆಂಪು ರಕ್ತ ಯಾವನಿಗೆ ಕಾಣುತ್ತೆ? ಒಳಗೆ ಬಿಳಿ ಅಂಗಿ ಹಾಕ್ಸಿ. ಚೂರಿ ಬೀಳೋ ಮೊದ್ಲು ಇವನು ನಿಲುವಂಗೀನ ಎರಡೂ ಕಡೆ ಸರಿಸ್ಲಿ. ಬಿಳಿ ಮೇಲಾದ್ರೆ ಎಷ್ಟು ದೂರದಿಂದ್ಲಾದ್ರೂ ಕಾಣುತ್ತೆ."

ಬಾರ್ನಬಿ ಗಡ್ಡ ಕೆರೆದುಕೊಂಡ. "ಅಲ್ವೇ, ನೀನೇ ನಾಟಕ ಬರೀಬಹುದಿತ್ತಲ್ಲೇ!"

ಮರುದಿನ ಮಧ್ಯಾಹ್ನ ಅವಳು ಪರದೆಯ ಹಿಂದೆ ನಿಂತು ನೋಡಿದಳು. ಗಿಲ್ಬರ್ಟ್ ನಿಲುವಂಗಿ ಸರಿಸಿದ, ಚೂರಿ ಇಳಿಯಿತು, ಬಿಳಿ ಅಂಗಿಯ ಮೇಲೆ ರಕ್ತ ಸೊಂಟದವರೆಗೆ ಇಳಿಯಿತು. ಅಂಗಳದಲ್ಲಿ ನೆರೆದ ಜನರಿಂದ ಎದ್ದ ಕೂಗಿಗೆ ಕಾಲ ಕೆಳಗಿನ ಹಲಗೆ ನಡುಗಿತು. "ಪೋಪನ ನಾಯಿಗಳು! ಒಬ್ಬರನ್ನೂ ಬಿಡಬ್ಯಾಡ್ರೋ!"

ಒಳಗೆ ಬಂದ ಗಿಲ್ಬರ್ಟ್ ನಿಲುವಂಗಿ ಕಳಚಿ ಅವಳ ಕೈಗಿತ್ತ. "ನನ್ನನ್ನ ನೋಡಿ ಕೂಗ್ಲಿಲ್ಲ ಕಣಮ್ಮಾ ಅವ್ರು. ನನ್ನ ಹಿಂದೆ ಇನ್ಯಾರೋ ನಿಂತಿದಾರೆ ಅನ್ನೋ ಹಾಗೆ ಕೂಗಿದ್ರು."

ಅವಳು ನಿಲುವಂಗಿಯನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲವಾಗಿ ನೋಡಿದಳು. ಹಳದಿ ಪಾದಕ್ಕೆ ಹೆಬ್ಬೆರಳು ಒತ್ತಿ, ಮಡಿಸಿ ಪೆಟ್ಟಿಗೆಗಿಟ್ಟು ಮನೆಯ ಕಡೆ ಹೊರಟಳು. ದಾರಿಯಲ್ಲಿ ಅಂಗಡಿ ಕೆಲಸದ ಹುಡುಗರ ಗುಂಪೊಂದು ನಾಟಕದಲ್ಲಿ ಎದ್ದ ಆ ಕೂಗನ್ನೇ ಕಿರುಚುತ್ತ ಎದುರಿನಿಂದ ಓಡಿಹೋಯಿತು. ಒಬ್ಬನ ಕೈಯಲ್ಲಿ ಇನ್ನೂ ಕಲ್ಲಿತ್ತು.

ಓಣಿಯ ತಿರುವಿನಲ್ಲೇ ಅವಳ ಕಾಲು ನಿಂತುಬಿಟ್ಟಿತು. ಮೋಂಬತ್ತಿಗಳು ಚರಂಡಿಯವರೆಗೆ ಉರುಳಿದ್ದವು. ಓಣಿಯ ಆ ತುದಿಯಲ್ಲಿ ಆನ್‌ಸ್ಟಿಸ್ ಹೊಸ್ತಿಲಿಗೆ ಒರಗಿ ಕೂತಿದ್ದಳು. ತಲೆಗೆ ಅವಳು ಸದಾ ಕಟ್ಟುವ ಬಿಳಿ ಕುಲಾವಿ. ಅದರ ಮೇಲಿನ ಕೆಂಪು ಇಷ್ಟು ದೂರಕ್ಕೂ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಬಾರ್ನಬಿ ಮುಂದಿನ ಆಟಗಳಿಗೆಂದು ಇನ್ನೂ ಆರು ಬಿಳಿ ಅಂಗಿ ಹೊಲಿಯಲು ಹೇಳಿದ. ಸಿಸ್ಲಿ ಬಟ್ಟೆ ಅಳೆದು ಕತ್ತರಿಸಿದಳು. ನಿಲುವಂಗಿಗೆ ಒಂದು ಹನಿಯೂ ತಾಗಿರಲಿಲ್ಲ. ಆನ್‌ಸ್ಟಿಸ್‌ಳ ಬಲಗಣ್ಣು ಹೋಗಿತ್ತು.